ಖಾತೆಯಲ್ಲಿರುವ ದುಡ್ಡೆಲ್ಲ ಲಾಭವಲ್ಲ

ಕಂಟ್ರ್ಯಾಕ್ಟ್ ಕೆಲಸ ಮಾಡುವವರನ್ನು "ಈ ಸೈಟಿನಲ್ಲಿ ಎಷ್ಟು ಉಳಿಯಿತು?" ಅಂತ ಕೇಳಿ. ಬಹಳ ಜನ ಬ್ಯಾಂಕ್ ಖಾತೆ ನೆನಪಿಸಿಕೊಂಡು ಉತ್ತರ ಕೊಡುತ್ತಾರೆ. ಆ ಖಾತೆಯಲ್ಲಿ ಹೊಸ ಸೈಟಿನ ಅಡ್ವಾನ್ಸ್ ಇರುತ್ತದೆ, ಸಿಮೆಂಟಿನವರಿಗೆ ಕೊಡಬೇಕಾದ ಬಾಕಿಯೂ ಇರುತ್ತದೆ. ಒಂದು ಕೆಲಸದ ದುಡ್ಡಲ್ಲಿ ಇನ್ನೊಂದರ ಕೂಲಿ ಬಟವಾಡೆ ಆಗುತ್ತಾ ಹೋಗುತ್ತದೆ. ನಷ್ಟ ಕಣ್ಣಿಗೆ ಬೀಳುವುದು ಹೊಸ ಕೆಲಸ ಸಿಗದೆ ನಿಂತಾಗಲೇ.

ಸಾಮಾನಿನ ಲೆಕ್ಕ ಹೇಗೋ ಸಿಗುತ್ತದೆ, ಬಿಲ್ ಇರುತ್ತದಲ್ಲ. ಎಡವುವುದು ಕೂಲಿಯಲ್ಲಿ. ಒಂದು ದಿನವನ್ನೇ ತಗೊಳ್ಳಿ. ಗಾರೆ ಕೆಲಸಕ್ಕೆ ಆರು ಜನ ಬಂದಿದ್ದಾರೆ. ಮರಳಿನ ಲಾರಿ ತಡವಾಗಿ ಎರಡು ಗಂಟೆ ಎಲ್ಲರೂ ಸುಮ್ನೆ ಕೂತರು. ಮಧ್ಯಾಹ್ನದ ಮೇಲೆ ಇಬ್ಬರು ಹಳೇ ಸೈಟಿನ ಸೋರಿಕೆ ಸರಿಮಾಡಲು ಹೋದರು. ಸಂಜೆ ಹಾಜರಿ ಪುಸ್ತಕದಲ್ಲಿ "ಪ್ಲಾಸ್ಟರಿಂಗ್, ಆರು ಜನ" ಅಂತಷ್ಟೇ ಇರುತ್ತದೆ. ಕಾದ ಖರ್ಚು, ಸೋರಿಕೆಯ ಖರ್ಚು ಎರಡೂ ಪ್ಲಾಸ್ಟರಿಂಗ್ ತಲೆ ಮೇಲೆ ಬಂತು. ಮುಂದಿನ ಕೊಟೇಶನ್‌ನಲ್ಲಿ ಪ್ಲಾಸ್ಟರಿಂಗ್ ರೇಟ್ ಜಾಸ್ತಿ ಹಾಕುತ್ತೀರಿ, ಕೆಲಸ ಕೈತಪ್ಪುತ್ತದೆ. ಲಾರಿ ತಡವಾಗುವುದಂತೂ ನಿಲ್ಲುವುದಿಲ್ಲ, ಅದರ ಖರ್ಚು ಯಾರಿಗೂ ಕಂಡೇ ಇಲ್ಲವಲ್ಲ!

ಯಾವ ಸೈಟು, ಯಾವ ಕೆಲಸ, ಎಷ್ಟು ಗಂಟೆ ಅನ್ನುವುದನ್ನು ಅವತ್ತೇ, ಅಲ್ಲೇ ಬರೆಯಬೇಕು. ಕಾದದ್ದಕ್ಕೆ ಒಂದು ಕಾಲಂ, ಒಡೆದು ಮತ್ತೆ ಮಾಡಿದ್ದಕ್ಕೆ ಒಂದು ಕಾಲಂ. ಆಪ್ ಆದರೂ ಸರಿ, ನೋಟ್‌ಬುಕ್ ಆದರೂ ಸರಿ. ವಾರ ಬಿಟ್ಟು ಕೇಳಿದರೆ ಮೇಸ್ತ್ರಿ ಅಂದಾಜು ಹೇಳುತ್ತಾರೆ. ಪಾಪ, ಅವರಾದರೂ ಎಷ್ಟು ಅಂತ ನೆನಪಿಟ್ಟುಕೊಳ್ಳಬೇಕು?

ಇನ್ನೊಂದು ಗೊಂದಲ ತುಂಬ ಕಡೆ ಇದೆ. 100 ಖರ್ಚಿಗೆ 20 ಸೇರಿಸಿ 120 ಬಿಲ್ ಮಾಡಿ, 20 ಪರ್ಸೆಂಟ್ ಲಾಭ ಅನ್ನುತ್ತಾರೆ. ಬಿಲ್ಲಿನ ಲೆಕ್ಕದಲ್ಲಿ, ಅಂದರೆ 120ರಲ್ಲಿ 20, ಅದು 16.67 ಪರ್ಸೆಂಟ್ ಅಷ್ಟೇ. ಆಫೀಸ್ ಬಾಡಿಗೆ, ಓಡಾಟ, ಮಿಕ್ಸರ್ ರಿಪೇರಿ, ಎಸ್ಟಿಮೇಟ್ ಮಾಡುವವರ ಸಂಬಳ ಎಲ್ಲ ಸೇರಿ ಬಿಲ್ಲಿನ 15 ಪರ್ಸೆಂಟ್ ತಿಂದರೆ ಉಳಿಯುವುದು 2 ಪರ್ಸೆಂಟೂ ಇಲ್ಲ. ಅದೂ ರಿಟೆನ್ಷನ್ ಅಂತ ಮಾಲೀಕರು ಬಿಲ್ಲಿನಲ್ಲಿ ಹಿಡಿದಿಟ್ಟ ದುಡ್ಡು ವಾಪಸ್ ಬಂದರೆ.

ಲೆಕ್ಕ ಯಾವಾಗ ನೋಡುತ್ತೇವೆ ಅನ್ನುವುದೂ ಮುಖ್ಯ ಅಲ್ವಾ? ಕೆಲಸ ಅರ್ಧ ಆದಾಗಲೇ ಕೂತು ನೋಡಬೇಕು. ಇಲ್ಲಿವರೆಗೆ ಎಷ್ಟು ಖರ್ಚಾಯಿತು, ಆರ್ಡರ್ ಕೊಟ್ಟು ಬಿಲ್ ಬರದೇ ಇರುವುದು ಎಷ್ಟು, ಅದು ಬಿಟ್ಟು ಮುಗಿಸಲು ಇನ್ನೆಷ್ಟು ಬೇಕು. ಮೂರನ್ನೂ ಕೂಡಿ ಎಸ್ಟಿಮೇಟ್ ಪಕ್ಕ ಇಟ್ಟು ನೋಡಿ. ಹೆಚ್ಚು ಕಂಡರೆ ಏನಾದರೂ ಮಾಡಲು ಇನ್ನೂ ಅವಕಾಶ ಇರುತ್ತದೆ. "ಈ ಗೋಡೆ ಸ್ವಲ್ಪ ಆಚೆ ಹಾಕಿಬಿಡಿ" ಅಂತ ಮಾಲೀಕರು ಬಾಯಲ್ಲಿ ಹೇಳಿದ ಕೆಲಸಕ್ಕೂ ರೇಟ್ ಬರೆದು ಸಹಿ ಹಾಕಿಸಿಕೊಳ್ಳುವುದು ಆಗಲೇ. ಕೊನೇ ಬಿಲ್ಲಿನಲ್ಲಿ ತಂದು ಸೇರಿಸಿದರೆ ಅವರಿಗೆ ಸಿಟ್ಟು ಬರುವುದೂ ಸಹಜವೇ.