ಹಳೆಯ ಕ್ಯಾಂಪರ್ ವ್ಯಾನ್ ಇಟ್ಟುಕೊಳ್ಳಬೇಕಾ? ಅಕ್ಕ ತಮ್ಮನ ಪರ-ವಿರೋಧ

ಪರ: ಅಮ್ಮ ಮಲಗಿಕೊಂಡೇ ಊರು ನೋಡುತ್ತಾಳೆ

ಅಮ್ಮನಿಗೆ ಸೊಂಟ ನೋವು. ಬಸ್ಸಿನಲ್ಲಿ ಅರ್ಧ ಗಂಟೆ ಕೂತರೆ ಮುಖ ಕಿವುಚುತ್ತಾಳೆ. ಮೂರು ವರ್ಷ ತುಮಕೂರು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. 2019ರಲ್ಲಿ ನಾನು 2008ರ ಮಾಡೆಲ್ ಮಾರುತಿ ಓಮ್ನಿಯೊಂದನ್ನು 85,000 ರೂಪಾಯಿಗೆ ಕೊಂಡೆ. ಬಡಗಿಯೊಬ್ಬರು ಹಿಂದಿನ ಸೀಟು ಬಿಚ್ಚಿ ಪ್ಲೈವುಡ್ ಮಂಚ ಕೂರಿಸಿದರು. ಅದರಡಿ ಪಾತ್ರೆ, ಸ್ಟವ್, ನೀರಿನ ಕ್ಯಾನ್. ಕಿಟಕಿಗೆ ಪರದೆ. ಬೇರೆಯದೇ ಒಂದು ಬ್ಯಾಟರಿ, ಅದಕ್ಕೊಂದು ಚಿಕ್ಕ ಫ್ಯಾನು, ಒಂದು ಲೈಟು. ಎಲ್ಲಾ ಸೇರಿ 22,000. ಹೊಸ ಕ್ಯಾಂಪರ್ ವ್ಯಾನಿನ ರೇಟು ನಮ್ಮಂಥವರು ಕೇಳೋಕೂ ಹೋಗುವುದಿಲ್ಲ.

ಮೊದಲ ಸಲ ಹೋಗಿದ್ದು ಶಿರಾ ತಾಲ್ಲೂಕಿನ ಕಗ್ಗಲಡುಗೆ. ಅಲ್ಲಿ ಊರೊಳಗಿನ ಹುಣಸೆ ಮರಗಳ ಮೇಲೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಊರಿನವರು ಅವನ್ನು ಮನೆ ಮಕ್ಕಳ ಹಾಗೆ ಕಾಯುತ್ತಾರೆ. ವ್ಯಾನಿನ ಹಿಂಬಾಗಿಲು ಮೇಲಕ್ಕೆತ್ತಿ ಅಮ್ಮನನ್ನು ದಿಂಬಿಗೆ ಒರಗಿಸಿದೆ. ಬಿಸಿಲು ಏರಿದಾಗ ಒಂದು ಹಕ್ಕಿ ರೆಕ್ಕೆ ಹರಡಿಕೊಂಡು ಮರಿಗಳ ಮೇಲೆ ನಿಂತಿತು. "ನೋಡೇ, ಮಕ್ಕಳಿಗೆ ನೆರಳಾಗಿ ನಿಂತವ್ಳೆ" ಅಂದಳು ಅಮ್ಮ. ಒಂದು ಗಂಟೆ ಕಣ್ಣು ಕೀಳಲಿಲ್ಲ. ಮಾರನೇ ವರ್ಷ ಸಿದ್ಧಗಂಗೆ ಜಾತ್ರೆಗೆ ಹೋದೆವು. ದನದ ಜಾತ್ರೆಯ ಧೂಳು, ಸದ್ದಿನ ನಡುವೆ ಮಧ್ಯಾಹ್ನ ಪರದೆ ಎಳೆದುಕೊಂಡು ನಿದ್ದೆ ಮಾಡಿದಳು. ಸಂಜೆ ಎದ್ದು ಮತ್ತೆ ಎತ್ತು ನೋಡಲು ಹೊರಟಳು. ಯಾವ ಲಾಡ್ಜ್‌ನಲ್ಲಿ ಇದು ಸಿಗುತ್ತದೆ?

ಖರ್ಚಿದೆ, ಇಲ್ಲ ಅನ್ನುವುದಿಲ್ಲ. ಬರೆದಿಟ್ಟಿದ್ದೇನೆ: ಕಳೆದ ವರ್ಷ ಪೆಟ್ರೋಲ್ ಬಿಟ್ಟು 31,400. ಎರಡು ಟೈರು, ಕ್ಲಚ್ ಪ್ಲೇಟ್, ಬ್ಯಾಟರಿ, ಇನ್ಶೂರೆನ್ಸ್, ಗ್ಯಾರೇಜಿನ ಮಜೂರಿ. ಆದರೆ ಈ ಗಾಡಿಯಲ್ಲಿ ಅರ್ಥವಾಗದ್ದು ಏನೂ ಇಲ್ಲ. 796 ಸಿಸಿ, ಮೂರು ಸಿಲಿಂಡರು. ಮುಂದಿನ ಸೀಟು ಎತ್ತಿದರೆ ಎಂಜಿನ್. 1984ರಿಂದ 2019ರವರೆಗೆ ತಯಾರಾದ ಗಾಡಿ ಇದು. ಮಧುಗಿರಿ, ಪಾವಗಡ, ಎಲ್ಲಿ ನಿಂತರೂ ಇದನ್ನು ಬಿಚ್ಚಿ ಜೋಡಿಸಿ ಅಭ್ಯಾಸವಾದ ಕೈ ಸಿಗುತ್ತದೆ. ಕಂಪ್ಯೂಟರ್ ಹಾಕಿ ನೋಡಬೇಕು ಅಂತ ಯಾರೂ ಹೇಳಿಲ್ಲ. ಬೆಲೆಯೂ ಇನ್ನು ಇಳಿಯುವಷ್ಟು ಇಳಿದಾಗಿದೆ. ಬೇಲಿ ಮುಳ್ಳು ಗೀಚಿದರೆ ಹೊಟ್ಟೆ ಉರಿಯುವುದಿಲ್ಲ.

ಅಮ್ಮನಿಗೆ ಈಗ 78. ನಾನು ಲೆಕ್ಕ ಹಾಕುವಾಗ ಅದನ್ನೂ ಸೇರಿಸುತ್ತೇನೆ.

ವಿರೋಧ: ಆ ಮಂಚಕ್ಕೆ ಬೆಲ್ಟ್ ಇಲ್ಲ

ಅಕ್ಕ ಫೋನ್ ಮಾಡಿದಾಗ ಟೂಲ್ಸ್ ಹಿಡಿದುಕೊಂಡು ಹೋಗುವವನು ನಾನು. ಕೈ ಸಿಗುತ್ತದೆ ಅಂತ ಅವಳು ಬರೆದಿದ್ದಾಳೆ. ಹಗಲು ಹೊತ್ತು ಸಿಗುತ್ತದೆ, ನಿಜ. ಹೋದ ಏಪ್ರಿಲ್‌ನಲ್ಲಿ ಮೈದನಹಳ್ಳಿಯಲ್ಲಿ ಕೃಷ್ಣಮೃಗ ನೋಡಿ ಬರುವಾಗ ಸಂಜೆ ಏಳಕ್ಕೆ ರೇಡಿಯೇಟರ್ ಪೈಪ್ ಒಡೆಯಿತು. ಹಳೇ ರಬ್ಬರು. ನೀರೆಲ್ಲಾ ಹೋಗಿ ಹೆಡ್ ಗ್ಯಾಸ್ಕೆಟ್ ಸುಟ್ಟಿತು. ನಾನು ತುಮಕೂರಿನಿಂದ ಹೋಗಿ ಮುಟ್ಟುವ ತನಕ ಅಮ್ಮ ಕಾದ ತಗಡಿನ ಡಬ್ಬಿಯೊಳಗೆ ಮಲಗಿದ್ದಳು. ಬಾಗಿಲು ತೆಗೆದರೆ ಸೊಳ್ಳೆ, ಹಾಕಿದರೆ ಸೆಖೆ. ಗಾಡಿ ಗ್ಯಾರೇಜಿನಲ್ಲಿ 11 ದಿನ ಇತ್ತು. ಆ 11 ದಿನ ಅಕ್ಕನ ನೋಟ್‌ಬುಕ್ಕಿನಲ್ಲಿ ಇಲ್ಲ.

ಆಮೇಲೆ ಒಂದು ಭಾನುವಾರ ಮಂಚ ಎತ್ತಿ ನೋಡಿದೆ. ಬಾಗಿಲ ರಬ್ಬರಿನಿಂದ ಇಳಿದ ಮಳೆನೀರು ಪ್ಲೈವುಡ್ ಕೆಳಗೆ ವರ್ಷಗಟ್ಟಲೆ ನಿಂತಿದೆ. ಬೆರಳಲ್ಲಿ ಒತ್ತಿದರೆ ನೆಲ ಉದುರಿತು. ಹಳೇ ವ್ಯಾನಿಗೆ ಮಂಚ ಹಾಕಿದರೆ ತುಕ್ಕು ಕಣ್ಣಿಗೆ ಬೀಳುವುದೇ ಇಲ್ಲ, ಅಲ್ವಾ? ವೆಲ್ಡಿಂಗ್, ಟಿಂಕರಿಂಗ್ ಇನ್ನೂ ಬಾಕಿ ಇದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. 2008ರ ಗಾಡಿಯನ್ನು ಅದಕ್ಕಂತ ಮಾಡಿದ್ದಲ್ಲ. ಮಿಲೇಜ್ ಇಳಿಯುತ್ತದೆ, ಪೆಟ್ರೋಲ್ ಪೈಪಿನ ರಬ್ಬರು ಬೇಗ ಹಾಳಾಗುತ್ತದೆ. ಎಂಜಿನ್ ಸೀಟಿನ ಕೆಳಗೇ ಇರುವ ಗಾಡಿಯಲ್ಲಿ ಪೆಟ್ರೋಲ್ ಸೋರಿದರೆ ಏನು ಗತಿ?

ಕಾಗದದ ಕೆಲಸವೂ ಇದೆ. 2023ಕ್ಕೆ 15 ವರ್ಷ ತುಂಬಿತು. ಆರ್‌ಸಿ ರಿನ್ಯೂವಲ್ ಶುಲ್ಕ ಮೊದಲು 600 ಇತ್ತು, 2022ರ ಏಪ್ರಿಲ್‌ನಿಂದ 5,000 ಆಗಿದೆ. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಮಾಡಿದರು. ನಮ್ಮ ಗಾಡಿಗೆ ಆ ಸರದಿ 2028ರಲ್ಲಿ. ಸೀಟು ಕಿತ್ತು ಮಂಚ ಹಾಕುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಕಂಪನಿ ಮಾಡಿಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸಬಾರದು. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಎಫ್‌ಸಿಗೆ ಹೋಗುವಾಗ ಮಂಚ ಬಿಚ್ಚಿ ಸೀಟು ಕೂರಿಸಿದ್ದೆವು. ಅದು ಸರಿಯಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ನಾಳೆ ಏನಾದರೂ ಆಗಿ ಇನ್ಶೂರೆನ್ಸ್ ಕ್ಲೇಮ್ ಮಾಡಿದರೆ ಮೊದಲ ಪ್ರಶ್ನೆ ಅದೇ ಬರುತ್ತದೆ.

ಇದೆಲ್ಲಾ ದುಡ್ಡು, ಓಡಾಟ. ಹೇಗೋ ಸುಧಾರಿಸಬಹುದು. ನನಗೆ ನಿದ್ದೆ ಕೆಡಿಸುವುದು ಬೇರೆ. ಓಮ್ನಿಗೆ ಮೂತಿ ಇಲ್ಲ. ಡ್ರೈವರ್ ಕಾಲಿನ ಮುಂದೆ ಇರುವುದು ಒಂದು ತಗಡು. ಹೊಸ ಸುರಕ್ಷತಾ ನಿಯಮಗಳಿಗೆ ಒಗ್ಗದೆಯೇ ಅದರ ತಯಾರಿಕೆ ನಿಂತಿದ್ದು. ಅಂಥ ಗಾಡಿಯಲ್ಲಿ ಅಮ್ಮ ಹಿಂದೆ ಮಂಚದ ಮೇಲೆ ಮಲಗಿರುತ್ತಾಳೆ. ಬೆಲ್ಟ್ ಇಲ್ಲ. ಶಿರಾ ಹೈವೇಯಲ್ಲಿ ಲಾರಿಗಳ ನಡುವೆ ಹೋಗಬೇಕು. ಒಂದು ಸಲ ಜೋರಾಗಿ ಬ್ರೇಕ್ ಹಾಕಿದರೆ ಅವಳು ದಿಂಬಿನ ಸಮೇತ ಮುಂದಕ್ಕೆ ಬರುತ್ತಾಳೆ. ಅಕ್ಕ, ನೀನು ನಿಧಾನವಾಗಿ ಓಡಿಸುತ್ತೀಯ, ಗೊತ್ತು. ಎದುರಿಗೆ ಬರುವವನು?

ಕಳೆದ ವರ್ಷ ನೀವು ಹೋಗಿದ್ದು ಏಳು ಸಲ. 31,400ನ್ನು ಏಳರಿಂದ ಭಾಗಿಸಿದರೆ ಒಂದು ಸಲಕ್ಕೆ 4,500 ಹತ್ತಿರ. ಅದರ ಮೇಲೆ ಪೆಟ್ರೋಲು. ಅಷ್ಟಕ್ಕೆ ಡ್ರೈವರ್ ಸಮೇತ ದೊಡ್ಡ ಕಾರು ಬರುತ್ತದೆ.

ಅಮ್ಮ ಆ ಹಕ್ಕಿಯ ಮಾತನ್ನು ನನಗೂ ಹತ್ತು ಸಲ ಹೇಳಿದ್ದಾಳೆ. ಕಗ್ಗಲಡು ಬೇಡ ಅಂತ ನಾನು ಹೇಳುತ್ತಿಲ್ಲ. ಈ ಸಲ ನನ್ನ ಕಾರಿನಲ್ಲಿ ಹೋಗೋಣ. ಬೆಲ್ಟ್ ಹಾಕಿ ಕೂರಿಸಿ, ಅರ್ಧ ಗಂಟೆಗೊಮ್ಮೆ ನಿಲ್ಲಿಸೋಣ. ಮರದ ಕೆಳಗೆ ಹೋದ ಮೇಲೆ ಸೀಟು ಪೂರ್ತಿ ಹಿಂದಕ್ಕೆ ಒರಗಿಸೋಣ. ದಿಂಬು ಮಾತ್ರ ಮರೀಬೇಡ.