ಆಕಾಶದಿಂದ ನೀರಿಗೆ ಇಳಿದ ಕಂಪನಿ

ಜೋಡಿಯಾಕ್ ಕಂಪನಿಯ ಗಾಳಿ ತುಂಬುವ ರಬ್ಬರ್ ದೋಣಿಗಳ ಬಗ್ಗೆ ಒಂದು ಲೇಖನ ಓದಿದೆ. ಆ ಕಥೆಯನ್ನು ಲೇಖಕರು, ಇಂಥ ದೋಣಿಯಲ್ಲಿ ಒಬ್ಬರೇ ಸಾಗರ ದಾಟಿದ ಅಲ್ಯಾಂ ಬೊಂಬಾರ್ ಅವರ ಸಾಹಸದಿಂದ ಶುರು ಮಾಡಿದ್ದಾರೆ. ಚೆನ್ನಾಗಿದೆ. ಆದರೆ ಅದಕ್ಕೂ ಹಿಂದಿನ ಕಥೆ ನನಗೆ ಇನ್ನೂ ಇಷ್ಟ. 1896ರಲ್ಲಿ ಫ್ರಾನ್ಸ್‌ನಲ್ಲಿ ಮೋರಿಸ್ ಮಾಲೆ ಶುರು ಮಾಡಿದ ಈ ಕಂಪನಿ ಮೊದಲು ಮಾಡುತ್ತಿದ್ದದ್ದು ದೋಣಿ ಅಲ್ಲ, ಆಕಾಶದಲ್ಲಿ ಹಾರುವ ಬಲೂನು, ವಾಯುನೌಕೆ! ಗಾಳಿ ಸೋರದ ಬಟ್ಟೆ ಹೊಲಿಯೋದು, ಅಂಟಿಸೋದು ಅವರಿಗೆ ಕರಗತವಾಗಿತ್ತು. ಅದೇ ಕೈಚಳಕವನ್ನು 1930ರ ದಶಕದಲ್ಲಿ ಎಂಜಿನಿಯರ್ ಪಿಯೆರ್ ಡೆಬ್ರೂಟೆಲ್ ನೀರಿಗೆ ಇಳಿಸಿದರು. ಎರಡೂ ಪಕ್ಕ ಗಾಳಿ ತುಂಬಿದ ದಪ್ಪ ಕೊಳವೆ, ಮುಂದೆ ಬಾಗಿ ಕೂಡುತ್ತವೆ, ಹಿಂದೆ ಮೋಟಾರ್ ಕೂರಿಸಲು ಮರದ ಹಲಗೆ. ಇವತ್ತಿಗೂ ರಬ್ಬರ್ ದೋಣಿ ಅಂದರೆ ಕಣ್ಣಿಗೆ ಬರೋದು ಅದೇ ಆಕಾರ ಅಲ್ವಾ?

ಇನ್ನು ಬೊಂಬಾರ್. ವೃತ್ತಿಯಲ್ಲಿ ವೈದ್ಯರು. 1952ರಲ್ಲಿ ಆಫ್ರಿಕಾ ಪಕ್ಕದ ಕೆನರಿ ದ್ವೀಪಗಳಿಂದ ಅಟ್ಲಾಂಟಿಕ್ ಸಾಗರದ ಆಚೆಯ ಬಾರ್ಬಡೋಸ್‌ವರೆಗೆ, ಸುಮಾರು ನಾಲ್ಕೂವರೆ ಮೀಟರ್ ಉದ್ದದ ದೋಣಿಯಲ್ಲಿ ಒಬ್ಬರೇ 65 ದಿನ! ಮೀನು ಹಿಂಡಿ ರಸ ಕುಡಿದರು. ಬಲೆಯಲ್ಲಿ ಪ್ಲಾಂಕ್ಟನ್ (ನೀರಲ್ಲಿ ತೇಲುವ ಪುಟ್ಟ ಜೀವಿಗಳು) ಸೋಸಿ ತಿಂದರು. ಸುಮ್ನೆ ಹುಚ್ಚು ಸಾಹಸ ಅಲ್ಲ ಅದು. ಹಡಗು ಮುಳುಗಿದವರು ಭಯದಿಂದಲೇ ಜಾಸ್ತಿ ಸಾಯುತ್ತಾರೆ, ಬದುಕಲು ದಾರಿ ಇದೆ ಅಂತ ತೋರಿಸಬೇಕಿತ್ತು ಅವರಿಗೆ. ನಮ್ಮಲ್ಲಿ ನೆರೆ ಬಂದಾಗ ರಕ್ಷಣಾ ತಂಡದವರು ಗಾಳಿ ತುಂಬಿದ ದೋಣಿ ಹೊತ್ತು ಬರುವುದನ್ನು ಟಿವಿಯಲ್ಲಿ ನೋಡಿದಾಗಲೆಲ್ಲ ನನಗೆ ಆ ಡಾಕ್ಟರ್ ನೆನಪಾಗುತ್ತಾರೆ.