ಜರ್ನಲ್ ಪುಟ ಬಾಳಿಕೆ ಬರಬೇಕೆಂದರೆ
ಆರ್ಟ್ ಜರ್ನಲ್ (ಚಿತ್ರ, ಬಣ್ಣ, ಬರಹ ಸೇರಿಸಿ ಮಾಡುವ ಡೈರಿ) ಬಗ್ಗೆ ಬಂದ ಲೇಖನವೊಂದರಲ್ಲಿ ಹಳೇ ನೋಟ್‌ಬುಕ್ಕಿನಲ್ಲೇ ಅದನ್ನು ಶುರು ಮಾಡಬಹುದು ಎಂದು ಹೇಳಿರುವುದು ಸರಿ. ಆದರೆ 70–80 ಜಿಎಸ್‌ಎಂನ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ತೆಳು ಹಾಳೆ ನೀರು ತಾಗಿದ ಕೂಡಲೇ ಸುಕ್ಕಾಗುತ್ತದೆ. ಎರಡೆರಡು ಹಾಳೆಗಳನ್ನು ಗ್ಲೂ ಸ್ಟಿಕ್‌ನಿಂದ ಅಂಟಿಸಿ, ಮೇಲೆ ಜೆಸ್ಸೋ (ಬಣ್ಣಕ್ಕೂ ಮೊದಲು ಬಳಿಯುವ ಬಿಳಿ ತಳಪದರ) ತೆಳುವಾಗಿ ಎರಡು ಸಲ ಬಳಿಯಿರಿ. ಒಂದೇ ಸಲ ದಪ್ಪಗೆ ಬಳಿದರೆ ಪುಟ ಬಾಗಿದಾಗ ಬಿರುಕು ಬಿಡುತ್ತದೆ. ಕೆಳಗಿನ ಬರಹ ಅರ್ಧಂಬರ್ಧ ಕಾಣುವ ಹಾಗೆ ಹಳೇ ಪ್ಲಾಸ್ಟಿಕ್ ಕಾರ್ಡಿನಿಂದ ಜೆಸ್ಸೋ ಎಳೆದು ನೋಡಿ, ಆ ಖುಷಿಯೇ ಬೇರೆ.

ಕೊಲಾಜ್ (ಕಾಗದ, ಚಿತ್ರದ ತುಣುಕು ಅಂಟಿಸುವ ಕೆಲಸ) ಜಾಸ್ತಿ ಮಾಡುವವರು ನಡುನಡುವೆ ಕೆಲವು ಹಾಳೆ ಕತ್ತರಿಸಿ ತೆಗೆಯಬೇಕು, ಇಲ್ಲದಿದ್ದರೆ ಪುಸ್ತಕ ಉಬ್ಬುತ್ತದೆ. ಬುಡದಲ್ಲಿ 1–2 ಸೆಂ.ಮೀ. ಉಳಿಸಿಕೊಳ್ಳಿ. ಪೂರ್ತಿ ಕತ್ತರಿಸಿದರೆ ಹೊಲಿಗೆಯ ಆಚೆಯ ಜೋಡಿ ಹಾಳೆಯೂ ಕಳಚಿ ಬರುತ್ತದೆ.

ಇಂಕ್‌ಜೆಟ್ ಪ್ರಿಂಟ್‌ಗೆ ಒದ್ದೆ ಅಂಟು ಬೇಡ, ಬಣ್ಣ ಹರಡಬಹುದು. ಲೇಸರ್ ಪ್ರಿಂಟ್ ತಡೆಯುತ್ತದೆ. ಆಯಿಲ್ ಪೇಸ್ಟಲ್, ಮೇಣದ ಕ್ರೇಯಾನ್ ಕೊನೆಯಲ್ಲೇ ಬಳಸಿ, ಅವುಗಳ ಮೇಲೆ ಅಕ್ರಿಲಿಕ್ ಬಣ್ಣ ನಿಲ್ಲುವುದಿಲ್ಲ.

ಆ ಲೇಖನದಲ್ಲಿ ಬಿಟ್ಟುಹೋದ ಮುಖ್ಯ ವಿಷಯವೊಂದಿದೆ. ಅಕ್ರಿಲಿಕ್ ಒಣಗಿದ ಮೇಲೂ ಸೆಕೆಗೆ ಮೆತ್ತಗಾಗಿ ಎದುರುಬದುರು ಪುಟಗಳು ಅಂಟಿಕೊಳ್ಳುತ್ತವೆ, ಎಳೆದರೆ ಚಿತ್ರವೇ ಕಿತ್ತುಬರುತ್ತದೆ. ನಡುವೆ ಬೇಕಿಂಗ್ ಪೇಪರ್ ಇಡಿ, ಪುಸ್ತಕದ ಮೇಲೆ ಭಾರ ಹೇರಬೇಡಿ. ಹೊಳಪಿನ ವಾರ್ನಿಷ್‌ಗಿಂತ ಮ್ಯಾಟ್ ವಾರ್ನಿಷ್ ಕಡಿಮೆ ಅಂಟುತ್ತದೆ.